ಬೆಚ್ಚದ ಮರಿ

ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಮೇಲೂ ಅವರನ್ನು ಬೀದಿಯವರೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಗಂಡನೂ ಒಮ್ಮೊಮ್ಮೆ ಹಾಗೇ ಕರೆದು ಬೈಸಿಕೊಳ್ಳುತ್ತಿದ್ದರು. ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯರಿಗೆ ಸಿಸ್ಟರ್ ಮೊದಲ ದಿನವೇ ಒಂದು ಮಾತು ಹೇಳಿಕೊಡುತ್ತಿದ್ದರಂತೆ: "ಅಳೋ ಮಗು ಕಾಯುತ್ತೆ. ಅಳದೇ ಇರೋ ಮಗುವನ್ನ ಮೊದಲು ನೋಡಿ." ಆ ಮಾತಿನಿಂದ ಬದುಕಿದ ಕೂಸುಗಳು ಎಷ್ಟೋ, ದೇವರಿಗೇ ಗೊತ್ತು.

ನಿವೃತ್ತಿಯ ನಂತರ ಕೈ ಸುಮ್ಮನಿರಲಿಲ್ಲ. ಮನೆಯಲ್ಲಿ ಒಂದು ಗೋಲ್ಡನ್ ರಿಟ್ರೀವರ್ ಹೆಣ್ಣು ನಾಯಿಯಿತ್ತು. ಪರಿಚಯದವರೊಬ್ಬರ ಪೂಡಲ್ ಗಂಡಿನೊಂದಿಗೆ ಅದನ್ನು ಜೊತೆ ಮಾಡಿಸಿದಾಗ ಗೋಲ್ಡನ್‌ಡೂಡಲ್ ಮರಿಗಳು ಹುಟ್ಟಿದವು. ತಾಯಿಯ ಸಾಧು ಸ್ವಭಾವ, ತಂದೆಯ ಗುಂಗುರು ಕೂದಲು. ಕೂದಲು ಅಷ್ಟಾಗಿ ಉದುರುವುದಿಲ್ಲವೆಂದು ಮಕ್ಕಳಿರುವ ಮನೆಯವರು ಹುಡುಕಿಕೊಂಡು ಬರತೊಡಗಿದರು. ಹಿಂದಿನ ಕೋಣೆ ಪುಟ್ಟ ವಾರ್ಡಾಯಿತು. ನೆಲಕ್ಕೆ ಹಳೆಯ ಪತ್ರಿಕೆ, ಅಡ್ಡಕ್ಕೆ ಮೊಣಕಾಲೆತ್ತರದ ಹಲಗೆ, ಮೂಲೆಯಲ್ಲಿ ಅಡುಗೆಮನೆಯ ತಕ್ಕಡಿ, ಗೋಡೆಯ ಮೇಲೆ ದಿನದಿನದ ತೂಕದ ಪಟ್ಟಿ. ಗುರುತಿಗೆಂದು ಪ್ರತಿ ಮರಿಯ ಕತ್ತಿಗೂ ಒಂದೊಂದು ಬಣ್ಣದ ಉಣ್ಣೆ ದಾರ.

ಸಿಸ್ಟರ್ ಮರಿ ಕೊಡುವ ರೀತಿಯೇ ಬೇರೆ. ಬಂದವರು ಚಪ್ಪಲಿ ಬಿಟ್ಟು ನೆಲದ ಮೇಲೆ ಒಂದು ಗಂಟೆ ಕೂತಿರಬೇಕು. ಮೊದಲ ಹತ್ತು ನಿಮಿಷ ಯಾರೂ ಯಾವ ಮರಿಯನ್ನೂ ಎತ್ತಿಕೊಳ್ಳುವಂತಿಲ್ಲ. ಗುಂಗುರು ನೋಡಿ ಮರುಳಾಗಬೇಡಿ, ಗುಣ ನೋಡಿ ಎನ್ನುತ್ತಿದ್ದರು. ಎಲ್ಲ ಆದ ಮೇಲೆ ಯಾವ ಮನೆಗೆ ಯಾವ ಮರಿ ಎಂದು ಹೇಳುತ್ತಿದ್ದವರು ಅವರೇ. ಯಾರಾದರೂ ಹಿಂದೆಮುಂದೆ ನೋಡಿದರೆ ಗಂಡ ಬಾಗಿಲಲ್ಲಿ ನಿಂತು, "ಒಪ್ಕೊಂಡುಬಿಡಿ. ನನ್ನನ್ನೂ ಇವಳೇ ಆರಿಸಿದ್ದು. ಇವಳ ಆಯ್ಕೆ ಎಂಥದ್ದು ಅಂತ ನನ್ನ ನೋಡಿದ್ರೆ ಗೊತ್ತಾಗಲ್ವಾ" ಎಂದು ಬೋಳುತಲೆ ಸವರಿಕೊಳ್ಳುತ್ತಿದ್ದರು.

ಆ ಸಲ ಏಳು ಮರಿಗಳು. ನಾಲ್ಕನೆಯ ವಾರದಿಂದ ಸಿಸ್ಟರ್ ಮರಿಗಳಿಗೆ ಸದ್ದು ಅಭ್ಯಾಸ ಮಾಡಿಸುತ್ತಿದ್ದರು. ಏಳನ್ನೂ ಒಟ್ಟಿಗೆ ಬಿಟ್ಟು, ಪಕ್ಕದಲ್ಲಿ ಮಿಕ್ಸಿ ಓಡಿಸುವುದು, ಸ್ಟೀಲ್ ತಟ್ಟೆ ಬೀಳಿಸುವುದು, ಬಾಗಿಲು ಬಡಿಯುವುದು. ತಟ್ಟೆ ಬಿದ್ದರೆ ಆರು ಮರಿಗಳು ಚೆಲ್ಲಾಪಿಲ್ಲಿ. ಹಳದಿ ದಾರದ ಕೆನೆಬಣ್ಣದ ಮರಿ ಮಾತ್ರ ಒಂದು ಕ್ಷಣ ತಡೆದು, ಉಳಿದವುಗಳತ್ತ ನೋಡಿ, ಆಮೇಲೆ ಅವುಗಳ ಹಿಂದೆ ಓಡುತ್ತಿತ್ತು. ಮಲಗಿದ್ದರಂತೂ ಮಿಕ್ಸಿಗೂ ಏಳುತ್ತಿರಲಿಲ್ಲ. ಎಂಥ ನೆಮ್ಮದಿಯ ಜೀವ ಎಂದು ಸಿಸ್ಟರ್ ಪಟ್ಟಿಯಲ್ಲಿ ಅದರ ಮುಂದೆ 'ಬಹಳ ಶಾಂತ' ಎಂದು ಬರೆದು ಕೆಳಗೊಂದು ಗೆರೆ ಎಳೆದರು.

ಎಂಟನೆಯ ವಾರ ಟೈಲ್ಸ್ ಅಂಗಡಿಯವರು ಹೆಂಡತಿ ಮಗಳೊಂದಿಗೆ ಬಂದರು. ಎಂಟು ವರ್ಷದ ಮಗಳು ಪುಕ್ಕಲು. ಬಾಗಿಲು ದಢಾರನೆ ಮುಚ್ಚಿದರೂ ಅಮ್ಮನ ಬೆನ್ನ ಹಿಂದೆ. ಜೊತೆಗೊಂದು ನಾಯಿ ಇದ್ದರೆ ಧೈರ್ಯ ಬರುತ್ತದೇನೋ ಎಂಬುದು ತಾಯಿಯ ಆಸೆ. ಆ ಒಂದು ಗಂಟೆಯೂ ಕಂದುಬಣ್ಣದ ಮರಿಯೊಂದು ಹುಡುಗಿಯ ಕಾಲುಚೀಲ ಹಿಡಿದು ಜಗ್ಗುತ್ತಿತ್ತು. ಹುಡುಗಿಗೂ ಅದೇ ಬೇಕಿತ್ತು. ಸಿಸ್ಟರ್ ಒಪ್ಪಲಿಲ್ಲ. ಅದು ಬೊಗಳುಬಡಕ, ಮಗು ಇನ್ನೂ ಹೆದರುತ್ತಾಳೆ ಎಂದು ಹೇಳಿ, ಹಳದಿ ದಾರದ ಮರಿಯನ್ನು ಎತ್ತಿ ಅವಳ ಮಡಿಲಲ್ಲಿ ಇಟ್ಟರು. ಅಪ್ಪ ಪರೀಕ್ಷಿಸಲು ಅದರ ಬೆನ್ನ ಹಿಂದೆ ಜೋರಾಗಿ ಚಪ್ಪಾಳೆ ತಟ್ಟಿದ. ಹುಡುಗಿ ಬೆಚ್ಚಿದಳು, ಮರಿ ಬೆಚ್ಚಲಿಲ್ಲ.

"ನೋಡಿದ್ರಾ?" ಎಂದರು ಸಿಸ್ಟರ್. "ನಿಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿದೆ."

ಹುಡುಗಿ ಅದಕ್ಕೆ ಹತ್ತಿ ಎಂದು ಹೆಸರಿಟ್ಟಳು.

ಮೊದಲ ವಾರ ಹುಡುಗಿಯ ತಾಯಿಯದು ಫೋನಿನಲ್ಲಿ ಬರೀ ನಗು. ಎರಡನೆಯ ವಾರ ಸಣ್ಣ ದೂರು: ಎಷ್ಟು ಕರೆದರೂ ಬರುವುದಿಲ್ಲ, ಬಲು ಹಠ. ಹೆಸರು ರೂಢಿಯಾಗಲು ಸಮಯ ಬೇಕು, ತಾಳ್ಮೆಯಿರಲಿ ಎಂದರು ಸಿಸ್ಟರ್. ಮೂರನೆಯ ವಾರ ಮೇಜಿನ ಕಾಲು ಕಚ್ಚುವಾಗ ಬೇಡವೆಂದರೂ ಬಿಡುವುದಿಲ್ಲ ಎಂಬ ದೂರು. ಆಗ ಸಿಸ್ಟರ್ ಹೇಳಿದ ಮಾತು ಅವರನ್ನು ಇವತ್ತಿಗೂ ಚುಚ್ಚುತ್ತದೆ. "ನೀವು ತುಂಬ ಮೆತ್ತಗೆ ಹೇಳ್ತಿದ್ದೀರಮ್ಮ. ಸ್ವಲ್ಪ ಗಟ್ಟಿಯಾಗಿ ಹೇಳಿ" ಎಂದುಬಿಟ್ಟಿದ್ದರು.

ಅವರು ಗಟ್ಟಿಯಾಗಿ ಹೇಳಿದರು. ಆಗಲಿಲ್ಲವೆಂದು ಇನ್ನೂ ಗಟ್ಟಿಯಾಗಿ. ಮೆತ್ತನೆಯ ಮಾತಿನ ಆ ಮನೆಯಲ್ಲಿ ಬೆಳಿಗ್ಗೆ ಸಂಜೆ ಕೂಗಾಟ ಶುರುವಾಯಿತು. ಹುಡುಗಿ ಶಾಲೆಯಿಂದ ಬಂದವಳೇ ಕೋಣೆ ಸೇರತೊಡಗಿದಳು. ಒಂದು ಭಾನುವಾರ, ಮಲಗಿದ್ದ ಹತ್ತಿಯನ್ನು ಅವಳು ಹಿಂದಿನಿಂದ ಮುಟ್ಟಿದಾಗ ಅದು ಹೌಹಾರಿ ಎದ್ದು ಮಣಿಕಟ್ಟಿಗೆ ಬಾಯಿ ಹಾಕಿತು. ಗಾಯ ಸಣ್ಣದು, ಎರಡು ಹಲ್ಲಿನ ಗುರುತು. ಆದರೆ ಅಪ್ಪನ ಸಹನೆಯ ಕಟ್ಟೆಯೊಡೆಯಿತು. ಮರುದಿನ ಬೆಳಿಗ್ಗೆ ಫೋನ್ ಮಾಡಿದವನು ಅವನೇ: "ಸಂಜೆಯೊಳಗೆ ಇದನ್ನ ಎಲ್ಲಾದರೂ ದೂರ ಬಿಟ್ಟು ಬರ್ತೀನಿ ಸಿಸ್ಟರ್. ಆಮೇಲೆ ಹೇಳಲಿಲ್ಲ ಅನ್ಬೇಡಿ."

ಸಿಸ್ಟರ್ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಆ ಮನೆಯವರನ್ನೇ ಬೈದುಕೊಂಡರಂತೆ. ಒಳ್ಳೆಯ ಮರಿಯನ್ನು ಕೆಡಿಸಿದರಲ್ಲ ಎಂದು.

ಹತ್ತಿ ಬಟ್ಟೆ ಒಣಹಾಕುವ ಬಾಲ್ಕನಿಯಲ್ಲಿ, ಬಕೆಟ್ಟಿನ ಪಕ್ಕ, ಗೋಡೆಗೆ ಮುಖಮಾಡಿ ಮಲಗಿತ್ತು. ಸಿಸ್ಟರ್ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದರು. ಏಳಲಿಲ್ಲ. ಇನ್ನೊಮ್ಮೆ ಕರೆದರು. ಕಿವಿಯ ಗಲೀಜೇ ಕಾರಣ ಎನ್ನುವಂತಿರಲಿಲ್ಲ; ಕೂದಲು ತುಂಬಿರಬಹುದು ಎಂದು ಹುಡುಗಿಯ ತಾಯಿ ವಾರದ ಹಿಂದೆಯೇ ಪಶುವೈದ್ಯರ ಹತ್ತಿರ ತೊಳೆಸಿಕೊಂಡು ಬಂದಿದ್ದಳು. ಸಿಸ್ಟರ್ ಒಳಗೆ ಹೋಗಿ ಅಡುಗೆಮನೆಯಿಂದ ಸ್ಟೀಲ್ ತಟ್ಟೆ ತಂದು, ಮರಿಯ ಬೆನ್ನಿಂದ ಎರಡು ಮಾರು ದೂರದಲ್ಲಿ ಕೈಬಿಟ್ಟರು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಮರಿಯ ಬಾಲವೂ ಅಲುಗಲಿಲ್ಲ.

ಬೆಚ್ಚಿ ತೋರಿಸಲು ಅಲ್ಲಿ ಉಳಿದ ಆರು ಮರಿಗಳಿರಲಿಲ್ಲ.

ಸಿಸ್ಟರ್ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಅಳದ ಮಗುವನ್ನು ಮೊದಲು ನೋಡಿ ಎಂದು ಊರಿಗೆಲ್ಲ ಕಲಿಸಿದವರು, ತಮ್ಮ ಮನೆಯಲ್ಲಿ ಅಳದ ಮರಿಯನ್ನು ಶಾಂತ ಎಂದು ಬರೆದು ಗೆರೆ ಎಳೆದಿದ್ದರು.

ಹಿಂದೆ ನಿಂತಿದ್ದ ತಾಯಿಗೆ ಇನ್ನೂ ತಿಳಿದಿರಲಿಲ್ಲ. ನಮಗೆ ಸಾಕುವುದಕ್ಕೆ ಬರಲಿಲ್ಲ ಸಿಸ್ಟರ್, ನಮ್ಮದೇ ತಪ್ಪು ಎನ್ನುತ್ತಿದ್ದಳು. ಒಂದು ಕ್ಷಣ ಸಿಸ್ಟರಿಗೆ ಸುಲಭದ ದಾರಿ ಕಂಡಿತು. ಈ ಮನೆ ಇದಕ್ಕೆ ಒಗ್ಗಲಿಲ್ಲ, ಕರೆದುಕೊಂಡು ಹೋಗುತ್ತೇನೆ ಎಂದರೆ ಮುಗಿಯಿತು. ಯಾರೂ ಏನೂ ಕೇಳುವುದಿಲ್ಲ. ಮೂವತ್ತೊಂದು ವರ್ಷದ ಹೆಸರು ಹಾಗೇ ಉಳಿಯುತ್ತದೆ. ಆ ಕ್ಷಣ ನೆನೆದರೆ ಈಗಲೂ ನಾಚಿಕೆಯಾಗುತ್ತದೆ ಎನ್ನುತ್ತಾರೆ. ಎದುರಿನ ಕೋಣೆಯ ಬಾಗಿಲ ಸಂದಿಯಲ್ಲಿ, ಅವತ್ತು ಶಾಲೆಗೆ ಹೋಗದ ಹುಡುಗಿ ಕಂಡಳು, ಮಣಿಕಟ್ಟಿಗೆ ಪಟ್ಟಿ.

"ತಪ್ಪು ನಿಮ್ಮದಲ್ಲಮ್ಮ, ನನ್ನದು" ಎಂದರು. "ಇವನಿಗೆ ಕಿವಿ ಕೇಳಿಸಲ್ಲ. ಹುಟ್ಟಿದಾಗಿಂದ. ನಾನು ನೋಡಿಕೊಳ್ಳಲಿಲ್ಲ."

ತಾಯಿಯ ಪಕ್ಕಕ್ಕೆ ಬಂದು ನಿಂತಿದ್ದ ಅಪ್ಪ ಬಿದ್ದಿದ್ದ ತಟ್ಟೆಯನ್ನು ನೋಡಿದ. "ನನ್ನ ಮಗಳು ಬೇರೆ ಮರಿ ಕೇಳಿದ್ಲು. ಬೇಡ ಅಂದವರು ನೀವು. ಗಟ್ಟಿಯಾಗಿ ಹೇಳಿ ಅಂದವರೂ ನೀವೇ" ಎಂದ. "ಆಸ್ಪತ್ರೇಲೂ ಮಕ್ಕಳನ್ನ ಹೀಗೇ ನೋಡ್ತಿದ್ರಾ?"



ಹುಡುಗಿ ನಿಧಾನವಾಗಿ ಹೊರಗೆ ಬಂದಳು. "ಹಾಗಾದ್ರೆ ನಾವು ಬೈದಿದ್ದು ಅವನಿಗೆ ಗೊತ್ತೇ ಆಗಿಲ್ವಾ ಆಂಟಿ?"

ಸಿಸ್ಟರಿಗೆ ಮಗುವಿನ ಮುಂದೆ ಸುಳ್ಳು ಹೇಳಲಾಗಲಿಲ್ಲ. "ಮುಖ ನೋಡಿದ್ದಾನೆ ಪುಟ್ಟಿ. ಅಷ್ಟು ಗೊತ್ತಾಗಿರುತ್ತೆ."

ಹುಡುಗಿ ಸ್ವಿಚ್ಚಿನ ಹತ್ತಿರ ಹೋಗಿ ಬಾಲ್ಕನಿಯ ದೀಪವನ್ನು ಎರಡು ಸಲ ಹಾಕಿ ಆರಿಸಿದಳು. ಮೋಡದ ದಿನ, ಬೆಳಕು ಗೋಡೆಯ ಮೇಲೆ ಮಿನುಗಿತು. ಹತ್ತಿ ತಲೆಯೆತ್ತಿ, ತಿರುಗಿ, ಅವಳನ್ನು ಕಂಡು ಬಾಲವಾಡಿಸಿತು. ಹೀಗೆ ಮಾಡಿದರೆ ಬರುತ್ತಾನೆಂದು ಅವಳಿಗೆ ಮೊದಲ ವಾರವೇ ಗೊತ್ತಿತ್ತು. ಮತ್ಯಾಕೆ ಹೇಳಲಿಲ್ಲವೆಂದು ಅಮ್ಮ ಕೇಳಿದರೆ, ದೀಪದ ಜೊತೆ ಆಟವಾಡಬೇಡ ಎಂದು ಅಪ್ಪ ಬೈದಿದ್ದರು ಎಂದಳು.

ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ಆದರೂ ಮರಿಯನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಕಚ್ಚಿದ ನಾಯಿ ಕಚ್ಚಿದ್ದೇ, ಕಿವಿ ಇರಲಿ ಬಿಡಲಿ ಎಂದ. ಸಿಸ್ಟರ್ ಹತ್ತಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟರು. ಹುಡುಗಿ ಅಳಲಿಲ್ಲ. ಅದು ಸಿಸ್ಟರನ್ನು ಇನ್ನೂ ಕಾಡಿತು.

ಆ ದಿನ ಗಂಡ ಆಯ್ಕೆಯ ಮಾತು ಎತ್ತಲಿಲ್ಲ. ಹಿಂದಿನ ಕೋಣೆಯ ಗೋಡೆಯಿಂದ ಪಟ್ಟಿ ತೆಗೆದು ಮಡಿಸಿಟ್ಟರು, ಅಷ್ಟೆ. ಸಿಸ್ಟರ್ ಕೂತಲ್ಲಿಂದಲೇ ಉಳಿದ ಆರು ಮನೆಗಳಿಗೂ ಫೋನ್ ಮಾಡಿ ನಡೆದದ್ದನ್ನು ಹೇಳಿ, ಮರಿ ಒಂಟಿಯಾಗಿ ಮಲಗಿದ್ದಾಗ ತಟ್ಟೆ ಬೀಳಿಸಿ ನೋಡಿ ಎಂದು ಕೇಳಿಕೊಂಡರು. ಆರೂ ಬೆಚ್ಚಿದವು. ಆದರೆ ಮುಂದಿನ ಸಲದ ಮರಿಗೆಂದು ಮಾತು ಕೊಟ್ಟಿದ್ದ ಇಬ್ಬರು, ಸುದ್ದಿ ಕಿವಿಗೆ ಬಿದ್ದ ಮೇಲೆ, ತಿರುಗಿ ನೋಡಲಿಲ್ಲ.

ಹತ್ತಿಯದು ಬೇರೆಯೇ ಕಷ್ಟ. ಯಾರ ಬಾಯಿ ಅಲುಗಿದರೂ ಹಿಂದಕ್ಕೆ ಸರಿಯುತ್ತಿತ್ತು. ಗಂಡ ಆಕಳಿಸಿದರೂ ಸೋಫಾದ ಕೆಳಗೆ. ಸಿಸ್ಟರಿಗೆ ಬೆಳಿಗ್ಗೆ ಎದ್ದವರೇ ಕಿಟಕಿಯ ಬಳಿ ಕೂತು ತುಟಿ ಆಡಿಸುತ್ತ ಪ್ರಾರ್ಥಿಸುವ ರೂಢಿ. ಚಿಕ್ಕಂದಿನಿಂದ ಬಂದದ್ದು. ಅವರ ತುಟಿ ಆಡುವುದನ್ನು ಕಂಡು ಮರಿ ಗೋಡೆಗೆ ಒತ್ತಿಕೊಂಡು ನಡುಗಿತು. ಅಂದಿನಿಂದ ಅವರು ಬಾಯಿ ಮುಚ್ಚಿಕೊಂಡೇ ಪ್ರಾರ್ಥಿಸುತ್ತಾರೆ. ಮೊದಮೊದಲು ಮಾತುಗಳು ದೇವರಿಗೆ ತಲುಪಿದವೋ ಇಲ್ಲವೋ ಎಂಬ ಅಳುಕು. ಕಿವಿಯನ್ನು ಕೊಟ್ಟವನಿಗೆ, ಕೊಡದೆ ಕಳಿಸಿದವನಿಗೆ, ಬಾಯಿ ಬಿಟ್ಟೇ ಹೇಳಬೇಕೆಂದಿಲ್ಲ ಎಂದುಕೊಂಡ ಮೇಲೆ ಅದೂ ಹೋಯಿತು. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹತ್ತಿ ಬಂದು ಅವರ ಪಾದದ ಮೇಲೆ ಗದ್ದವೂರಿ ಮಲಗಿತು.

ತಿಂಗಳ ಕೊನೆಯ ಭಾನುವಾರ ಮನೆಯ ಮುಂದೆ ಟೈಲ್ಸ್ ಅಂಗಡಿಯ ವ್ಯಾನು ನಿಂತಿತು. ಇಳಿದವರು ತಾಯಿ ಮಗಳು ಇಬ್ಬರೇ. ಒಂದು ಸಲ ನೋಡಿಕೊಂಡು ಹೋಗುತ್ತೇವೆ ಎಂದಳು ತಾಯಿ. ಹುಡುಗಿ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಯಾರೂ ಹೇಳಿಕೊಡದಿದ್ದರೂ ತುಟಿ ಬಿಗಿಯಾಗಿ ಮುಚ್ಚಿಕೊಂಡು, ಸ್ವಿಚ್ಚನ್ನು ಎರಡು ಸಲ ಒತ್ತಿದಳು. ಹತ್ತಿ ತಲೆಯೆತ್ತಿತು. ಅವಳು ನೆಲದ ಮೇಲೆ ಕೂತಳು, ಚಪ್ಪಲಿ ಬಿಟ್ಟು, ಕೈ ಮಡಿಲಲ್ಲಿಟ್ಟು. ಹತ್ತು ನಿಮಿಷ ಮುಟ್ಟಲಿಲ್ಲ. ಮರಿ ಅರ್ಧ ದಾರಿ ಬಂದು ನಿಂತಿತು, ಅವಳ ಮುಖ ನೋಡಿತು, ಉಳಿದರ್ಧವನ್ನೂ ನಡೆಯಿತು.

ಅಪ್ಪ ವ್ಯಾನಿನಿಂದ ಇಳಿಯಲಿಲ್ಲ. ಅವತ್ತು ಹತ್ತಿ ಅವರೊಂದಿಗೆ ಹೋಗಲಿಲ್ಲ. ಹೊರಡುವಾಗ ತಾಯಿ, "ಬರೋ ವಾರವೂ ಬರಬಹುದಾ ಸಿಸ್ಟರ್?" ಎಂದು ಕೇಳಿದಳು. ಸಿಸ್ಟರ್ ಬನ್ನಿ ಎಂದು ತಲೆಯಾಡಿಸಿದರು. ಹಾಗೇ ಹೊರಗೆ ಹೋಗಿ ವ್ಯಾನಿನ ಕಿಟಕಿಯ ಬಳಿ ನಿಂತರು. ಅವನಾಗಿಯೇ ಗಾಜು ಇಳಿಸುವವರೆಗೂ ಅವರು ತಟ್ಟದೆ ಕಾದರು.