ಅಕ್ಕ ಆಡದ ಮಾತು

ಮೊನ್ನೆ ಬನ್ನೂರಿನ ನೆಂಟರ ಮನೆಯಲ್ಲಿ ಕೊಟ್ಟ ಕಾಫಿಗೆ ಏಲಕ್ಕಿ ಬಿದ್ದಿತ್ತು. ಪಾಯಸಕ್ಕೆ ಕುಟ್ಟಿದ ಕೈಯಲ್ಲೇ ಡಿಕಾಕ್ಷನ್ ಮುಟ್ಟಿದ್ದರೇನೋ... ಒಂದು ಗುಟುಕು ಕುಡಿದು ಲೋಟ ಹಿಡಿದೇ ಕೂತೆ. ನಂಜನಗೂಡಿನ ನಮ್ಮ ಬೀದಿಯಲ್ಲಿ ಕಾಫಿಗೆ ಏಲಕ್ಕಿ ಹಾಕುತ್ತಿದ್ದವಳು ಎದುರುಮನೆ ಅಕ್ಕ ಒಬ್ಬಳೇ.

ಅದು ಇಸ್ರೇಲಿನಲ್ಲಿ ಕಲಿತದ್ದು. ಗಂಡ ತೀರಿಕೊಂಡ ಮೇಲೆ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು, ಅಲ್ಲಿ ಒಬ್ಬ ಯಹೂದಿ ಅಜ್ಜಿಯ ಆರೈಕೆಗೆ ಹೋಗಿದ್ದಳು. ಆ ಅಜ್ಜಿಯಿಂದ ಇನ್ನೊಂದು ಅಭ್ಯಾಸವನ್ನೂ ತಂದಿದ್ದಳು. ಎದುರಿಗಿಲ್ಲದವರ ಬಗ್ಗೆ, ನಿಜವೇ ಆದರೂ, ಕೆಟ್ಟದ್ದು ಆಡುವುದು ಅವರ ಧರ್ಮದಲ್ಲಿ ಪಾಪವಂತೆ. ಕೇಳಿಸಿಕೊಳ್ಳುವುದೂ ಪಾಪವಂತೆ.

"ಆಡ್ದೋರು, ಕೇಳ್ದೋರು, ಆಡಿಸ್ಕಂಡೋರು, ಮೂರು ಜನಾನೂ ಸಾಯ್ತಾರೆ ಅಂತಿತ್ತು ಕಣವ್ವ ಆ ಅಜ್ಜಿ," ಎನ್ನುತ್ತಿದ್ದಳು.

ಜಗಲಿಯಲ್ಲಿ ಯಾರದಾದರೂ ವಿಷಯ ಶುರುವಾದರೆ ಸೆರಗು ಕೊಡವಿ ಎದ್ದು ಹೋಗುತ್ತಿದ್ದಳು. ನಮ್ಮ ಬೀದಿಗೆ ಅದು ಸೊಕ್ಕಾಗಿ ಕಂಡಿತು. ಬಾಯಿ ಬಿಡದವಳಿಗೆ ಮುಚ್ಚಿಡುವುದೇನೋ ಇದೆ ಎಂದು ತೀರ್ಮಾನವೂ ಆಯಿತು.

ನಮ್ಮ ಕಡೆ ಹೆಣ್ಣು ಒಪ್ಪುವ ಮೊದಲು ಗಂಡಿನ ಕಡೆಯವರು ಬೀದಿಯ ಅಂಗಡಿಯಲ್ಲಿ ಸೋಡಾ ಕುಡಿದು, ಮನೆತನ ಹೇಗೆ ಎಂದು ಮೆಲ್ಲಗೆ ವಿಚಾರಿಸಿಕೊಂಡು ಹೋಗುತ್ತಾರೆ. ಅಕ್ಕನ ಮಗಳಿಗೆ ನರಸೀಪುರದ ಸಂಬಂಧ ಬಂದಾಗ ಅಂಗಡಿಯವಳು, "ಉಡ್ಗಿ ಏನೋ ಸರಿ. ಅವ್ವ ಪರದೇಸ್ದಲ್ಲಿ ಏನ್ ಕೆಲ್ಸ ಮಾಡ್ತಿದ್ಲೋ, ಯಾರ್ ಕಂಡವ್ರೆ ಸಾ?" ಎಂದಳು. ಅಷ್ಟೇ. ಅವರು ತಿರುಗಿ ಬರಲಿಲ್ಲ. ಮುಂದಿನ ಗಂಡಿಗೂ ಅದೇ ಸೋಡಾ, ಅದೇ ಮಾತು. ಅಷ್ಟರಲ್ಲಿ ಅದು ಹುಡುಗಿಯ ಕಿವಿಗೂ ಬಿತ್ತು. ಬಟ್ಟೆ ಒಗೆದು ಬರುತ್ತೇನೆಂದು ಕಪಿಲೆಗೆ ಹೋದವಳು... ಬಕೆಟ್ಟು ಮಾತ್ರ ಮೆಟ್ಟಿಲ ಮೇಲೆ ಇತ್ತು.

ವರ್ಷ ತುಂಬಿದ ಮೇಲೆ ಅಂಗಡಿಯವಳ ಮಗಳಿಗೇ ಗಂಡು ಬಂತು. ಅವರು ವಿಚಾರಿಸಲು ನೇರ ಅಕ್ಕನ ಬಾಗಿಲಿಗೆ ಬಂದರು. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಆ ಹುಡುಗಿಯ ಒಂದು ಸಂಗತಿ ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಂಬಂಧ ಮುರಿಯಲು ಅದೊಂದೇ ಸಾಕಿತ್ತು. ಏನೆಂದು ಇಲ್ಲಿ ಬರೆಯಲಾರೆ. ಬರೆದರೆ ಅಕ್ಕ ಈ ಪುಟದಿಂದಲೂ ಎದ್ದು ಹೋಗುತ್ತಾಳೆ.

"ಒಳ್ಳೆ ಉಡ್ಗಿ ಕಣ್ರೀ. ತಂದ್ಕಳಿ," ಎಂದಳು.

ಅವರು ಹೋದ ಮೇಲೆ ನಾನು ರೇಗಿದೆ. "ಅವ್ಳೂ ಒಂದು ಎಣ್ಮಗು ಅಲ್ವೇನವ್ವ?" ಎಂದು ಲೋಟ ತೊಳೆಯಲು ಕೂತಳು.

ಈಗ ಅಕ್ಕನೂ ಇಲ್ಲ. ತಿಥಿಯ ದಿನ ಅಂಗಡಿಯವಳು ಮೂಗು ಒರೆಸಿಕೊಂಡು, "ಚಿನ್ನದಂಥೋಳು. ಅಲ್ಲಿ ಮುದ್ಕಿ ಉಚ್ಚೆ ಬಾಚಿ ದುಡುದ್ಲು," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅಂದರೆ, ಅಲ್ಲಿನ ಕೆಲಸ ಏನೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಬನ್ನೂರಿನ ಕಾಫಿ ಕೈಯಲ್ಲೇ ಆರಿಹೋಯಿತು. ಮೂರು ಜನ ಸಾಯುತ್ತಾರೆ ಎಂದಿದ್ದಳಂತೆ ಆ ಅಜ್ಜಿ... ಆಡಿದವಳು ಇವತ್ತೂ ಅಂಗಡಿಯಲ್ಲಿದ್ದಾಳೆ. ಕೇಳಿದವರು ತಂತಮ್ಮ ಊರಿನಲ್ಲಿ ಸುಖವಾಗಿದ್ದಾರೆ. ಆ ಮಾತಿಗೆ ಸತ್ತವಳು ಅಕ್ಕನ ಮಗಳು ಒಬ್ಬಳೇ.