ಅಳಿಸಿದ ಹೆಸರು

ಹಾಸನದ ನಮ್ಮ ಬೀದಿಯ ವಾಚ್ ರಿಪೇರಿಯವರು ಹಳೆಯ ಕಾಮಿಕ್ಸ್ ಸಂಗ್ರಹಿಸುತ್ತಿದ್ದರು. ಯಾರು ನೋಡಲು ಬಂದರೂ "ಮೊದ್ಲು ಕೈ ಒರೆಸ್ಕಳಿ ಸಾ" ಎನ್ನುತ್ತಿದ್ದರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಪಿನ್ನಿನ ತುಕ್ಕು, ಮಡಿಕೆ, ಕಲೆ ಎಲ್ಲ ನೋಡಿ, ಪ್ರತಿ ಪುಸ್ತಕಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದರು. ಗೀಚಿದ್ದರೆ ಅಂಕ ಕಡಿಮೆ. ಹಾಗಾಗಿ ಪೆನ್ಸಿಲ್ ಬರಹ ಕಂಡರೆ ಮೆಲ್ಲಗೆ ರಬ್ಬರಿನಿಂದ ಅಳಿಸಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ಅರಕಲಗೂಡಿನಿಂದ ಒಬ್ಬ ಹೆಂಗಸು ಬಂದರು. ಮನೆಯವರು ತಿಳಿಯದೆ ಗುಜರಿಗೆ ಹಾಕಿದ್ದ ಕಾಮಿಕ್ಸ್ ಇವರ ಕೈಸೇರಿದೆ ಎಂದು ಗುಜರಿಯವನೇ ಹೇಳಿದ್ದನಂತೆ.

"ಒಂದ್ರಲ್ಲಿ ನಮ್ಮಕ್ಕ ಹೆಸ್ರು ಬರ್ದವ್ಳೆ ಅಣ್ಣ. ಅವ್ಳು ತೀರ್ಕಂಡ್ಮೇಲೆ ಅವಳ ಕೈಬರಹ ಅಂತ ಉಳ್ದಿರದು ಅದೊಂದೇಯ."

ರಿಪೇರಿಯವರಿಗೆ ಕೂಡಲೇ ನೆನಪಾಯಿತು. ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಒಳಪುಟದಲ್ಲಿ ಹೆಸರಿದ್ದ ಜಾಗ ಖಾಲಿಯಿತ್ತು. ಇದು ಬೇರೆ ಪ್ರತಿ ಎಂದು ಸುಳ್ಳು ಹೇಳಿ ಕಳಿಸಬಹುದಿತ್ತು.

"ನಾನೇ ಅಳ್ಸಿದ್ದು ಕಣವ್ವ" ಎಂದರು.

ಅವರು ಪುಟವನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದರು. ಪೆನ್ಸಿಲ್ ಒತ್ತಿದ್ದ ಗೆರೆಗಳು ಕಾಗದದಲ್ಲಿ ತಗ್ಗಾಗಿ ಉಳಿದಿದ್ದವು. ಆಕೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಅಕ್ಕನ ಹೆಸರನ್ನು ಓದತೊಡಗಿದರು. ಆಕೆ ಓದಿ ಮುಗಿಸುವವರೆಗೂ ರಿಪೇರಿಯವರು ಪುಸ್ತಕ ಹಿಡಿದ ಕೈ ಇಳಿಸಲಿಲ್ಲ.