ಕುಬಸಕ್ಕೆ ಹೊರಟಾಗ ಕೈಕೊಟ್ಟ ಬೋಲ್ಟ್

ಬೋಲ್ಟ್ ಬಿಚ್ಚುವ ಪಾನಾ ಜಾರಿ ನನ್ನ ಮುಷ್ಟಿ ಚಕ್ರಕ್ಕೆ ಬಡಿಯಿತು. ಮನೆ ಮುಂದೆಯೇ ಪಂಕ್ಚರಾಗಿ ನಿಂತ ಕಾರಿನ ಗಾಲಿಯ ಉಳಿದ ಬೋಲ್ಟ್‌ಗಳೆಲ್ಲ ಬಿಚ್ಚಿದ್ದವು. ಇದೊಂದರ ತಲೆ ಮಾತ್ರ ಸವೆದು ಗೋಲಿಯಂತೆ ದುಂಡಗಾಗಿತ್ತು. ಕುರಕುಂಟಾದಲ್ಲಿ ಏಳು ತಿಂಗಳ ಬಸುರಿ ತಂಗಿ ಕುಬಸಕ್ಕೆ ನಮ್ಮ ದಾರಿ ಕಾಯುತ್ತಿದ್ದಳು. ಅವಳಿಗೆ ಉಡಿಸುವ ಹಸಿರು ಸೀರೆ ನಮ್ಮ ಕಾರಿನಲ್ಲೇ ಇತ್ತು.

“ಬಸ್ಸಿಗಿ ಹೋಗಮ್ರಿ ಅಂದ್ರ ಕೇಳ್ಲಿಲ್ಲ ನೀವು,” ಎಂದ ಹೆಂಡತಿಯ ಮುಖ ಬೋಲ್ಟ್‌ಗಿಂತ ಬಿಗಿಯಾಗಿತ್ತು.

ಪಕ್ಕದ ಮನೆಯ ಶಾಂತಕ್ಕ ತಮ್ಮ ಟ್ರ್ಯಾಕ್ಟರಿನ ಸಾಮಾನು ಪೆಟ್ಟಿಗೆಯಿಂದ ಬೋಲ್ಟಿನ ತಲೆಗೆ ಟೊಪ್ಪಿಗೆಯಂತೆ ಕೂರುವ ಒಂದು ಟೊಳ್ಳು ಸಾಕೆಟ್ ತಂದುಕೊಟ್ಟರು. ಬೋಲ್ಟಿನ ತಲೆಗಿಂತ ಅದರ ಬಾಯಿ ಕೂದಲೆಳೆಯಷ್ಟು ಚಿಕ್ಕದು. ಸುತ್ತಿಗೆಯಿಂದ ಬಡಿದು ಕೂರಿಸಿ, ಉಸಿರು ಬಿಗಿಹಿಡಿದು ತಿರುಗಿಸಿದೆ. ಕಿರ್ರೆಂದು ಬೋಲ್ಟ್ ಬಂದೇಬಿಟ್ಟಿತು. ಆದರೆ ಎಷ್ಟು ಕುಟ್ಟಿದರೂ ಸಾಕೆಟ್ ಬಿಟ್ಟು ಹೊರಗೆ ಬರಲೊಲ್ಲದು!

ಉಳಿದ ಬೋಲ್ಟ್‌ಗಳಿಂದಲೇ ಸ್ಟೆಪ್ನಿ ಹಾಕಿ, ಅಂಜುತ್ತಲೇ ಸಾಕೆಟ್ಟನ್ನು ಹಾಗೆಯೇ ಮರಳಿಸಿದೆ. ಶಾಂತಕ್ಕ ಒಳಗೆ ಇಣುಕಿ ನೋಡಿದರು.

“ಖಾಲಿ ಒಯ್ದಿದ್ದಿ ತಮ್ಮಾ, ಬಸುರಾಗಿ ಬಂದದಲ್ಲೋ! ಇದಕ್ಕ ಕುಬಸ ಯಾರ್ ಮಾಡ್ತಾರ?”

ಹೆಂಡತಿಯ ಮುಖವೂ ಆಗಲೇ ಸಡಿಲವಾದದ್ದು.

ತಂಗಿಯ ಮಗಳು ಈಗ ಅಂಬೆಗಾಲಿಡುತ್ತಿದ್ದಾಳೆ. ಶಾಂತಕ್ಕನ ಸಾಕೆಟ್‌ಗೆ ಮಾತ್ರ ಇನ್ನೂ ಹೆರಿಗೆಯಾಗಿಲ್ಲ.